ಅವ್ವನೊಂದಿಗೆ ಮೂಕಿಚಿತ್ರ ನೋಡಿದ್ದು

ಅಂಧೇರಿಯ ಡಬ್ಬಿಂಗ್ ಸ್ಟುಡಿಯೋಗಳಿಗಾಗಿ ಪರಭಾಷಾ ಚಿತ್ರಗಳ ಸಂಭಾಷಣೆಯನ್ನು ಕನ್ನಡದಲ್ಲಿ ಬರೆಯುವುದು ನನ್ನ ವೃತ್ತಿ. ನಟನ ತುಟಿ ಎಲ್ಲಿ ಮುಚ್ಚುತ್ತದೆಯೋ ಅಲ್ಲಿ ಪ, ಬ, ಮ ಇವುಗಳಲ್ಲೊಂದು ಅಕ್ಷರ ಬೀಳುವಂತೆ ಮಾತು ಹೊಂದಿಸುತ್ತ ಹನ್ನೆರಡು ವರ್ಷ ಕಳೆದ ನನಗೆ, ತುಟಿ ಅಲುಗಾಡುತ್ತಿದ್ದರೂ ಧ್ವನಿಯಿಲ್ಲದ ಚಿತ್ರವನ್ನು ನೋಡುವುದು ಇಷ್ಟು ಕಷ್ಟವಾದೀತೆಂದು ಅನ್ನಿಸಿರಲಿಲ್ಲ.

ಚಿತ್ರ, ಮಿಶೆಲ್ ಹಜನವೀಸಿಯಸ್ 2011ರಲ್ಲಿ ನಿರ್ದೇಶಿಸಿದ ‘ದಿ ಆರ್ಟಿಸ್ಟ್’. ಮಾತಿನ ಚಿತ್ರಗಳು ಬಂದಾಗ ಮಾತನಾಡಲೊಪ್ಪದೆ ಮೂಲೆಗುಂಪಾಗುವ ಹಾಲಿವುಡ್ ನಟ ಜಾರ್ಜ್ ವ್ಯಾಲೆಂಟಿನ್‌ನ ಕಥೆ ಅದು. ಧಾರವಾಡದಿಂದ ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದ ಅವ್ವನಿಗೆ ಇಂಗ್ಲಿಷ್ ಬಾರದು. ತೆರೆಯ ಮೇಲೆ ಬರುವ ಬರಹಗಳನ್ನು ನಾನೇ ಕನ್ನಡದಲ್ಲಿ ಹೇಳುವುದೆಂದು ಗೊತ್ತುಮಾಡಿಕೊಂಡೆವು.

ಮೊದಲು ಟಿವಿಯನ್ನು ಸರಿಪಡಿಸಬೇಕಾಯಿತು. ಹಳೆಯ ಕಾಲದ ಚಿತ್ರಗಳಂತೆ ಇದರ ಚೌಕಟ್ಟಿನ ಅಗಲ-ಎತ್ತರದ ಅನುಪಾತ 1.33:1, ಪರದೆ ತುಂಬುವಂತೆ ಎಳೆದರೆ ಮುಖಗಳು ಅಗಲವಾಗುತ್ತವೆ, ಆದ್ದರಿಂದ ಎರಡೂ ಬದಿಯ ಕಪ್ಪು ಪಟ್ಟಿಗಳನ್ನು ಹಾಗೆಯೇ ಬಿಟ್ಟೆ. ಚಲನೆಯನ್ನು ನಯಗೊಳಿಸುವ ಟಿವಿಯ ಸೌಲಭ್ಯವನ್ನೂ ನಿಲ್ಲಿಸಿದೆ. ಸೆಕೆಂಡಿಗೆ 22 ಬಿಡಿಚಿತ್ರಗಳಂತೆ (ಫ್ರೇಮ್) ಚಿತ್ರೀಕರಿಸಿ 24ರ ವೇಗದಲ್ಲಿ ತೋರಿಸುವುದರಿಂದ ನಡಿಗೆಯಲ್ಲಿ ಹುಟ್ಟುವ ಆ ಸಣ್ಣ ಚುರುಕನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಮೊದಲ ಕಾಲು ಗಂಟೆಯನ್ನು ನಾನೇ ಕೆಡಿಸಿದೆ. ಬರಹವಿಲ್ಲದೆ ಯಾರಾದರೂ ಬಾಯಿ ಆಡಿಸಿದರೆ ಅವ್ವ, “ಏನಂತಾನೋ ತಮ್ಮಾ ಅಂವಾ?” ಎಂದು ಕೇಳುವಳು, ನಾನು ಚಿತ್ರ ನಿಲ್ಲಿಸಿ, ತುಟಿ ನೋಡಿ ಊಹಿಸಿ, ಒಂದು ಮಾತು ಜೋಡಿಸುವೆ. ಪೆಪ್ಪಿ ಮಿಲ್ಲರ್ ಎಂಬ ಹೊಸ ನಟಿ ಜಾರ್ಜ್‌ನ ಕೋಣೆಗೆ ಬಂದು, ತೂಗುಹಾಕಿದ ಅವನ ಕೋಟಿನ ತೋಳಿನೊಳಗೆ ತನ್ನ ಕೈ ತೂರಿಸಿ, ಆ ಕೈಯಿಂದ ತನ್ನನ್ನೇ ತಬ್ಬಿಸಿಕೊಳ್ಳುವ ದೃಶ್ಯದಲ್ಲಿ ಮಾತೂ ಇಲ್ಲ, ಬರಹವೂ ಇಲ್ಲ. ನಾನು ವಿವರಿಸಲು ಬಾಯಿ ತೆರೆಯುವ ಮುಂಚೆಯೇ ಅವ್ವ, “ಕಂಪನಿ ನಾಟಕದಾಗ ಒಬ್ಬಾಕೀನ ಇಬ್ಬರ ಪಾರ್ಟ್ ಮಾಡಿದಂಗ ಆತಲ್ಲ” ಎಂದಳು. ಅಲ್ಲಿಂದ ಮುಂದೆ ತೆರೆಯ ಮೇಲೆ ಬರೆದಷ್ಟನ್ನೇ ಹೇಳಿದೆ. ಎಲ್ಲಿ ಬರಹ ಬೇಡವೆಂದು ನಿರ್ದೇಶಕರು ಬಿಟ್ಟಿದ್ದಾರೋ ಅಲ್ಲಿ ಮಾತು ತುಂಬುವ ಅಧಿಕಾರ ನನಗಿರಲಿಲ್ಲ.

ಅನುವಾದಕನಾಗಿ ನನ್ನನ್ನು ಹೆಚ್ಚು ಕಾಡಿದ್ದು ಕೊನೆಯ ಭಾಗದ ಒಂದೇ ಪದದ ಬರಹ. ಜಾರ್ಜ್ ರಿವಾಲ್ವರನ್ನು ಬಾಯಿಗಿಟ್ಟುಕೊಂಡಿದ್ದಾನೆ. ಪೆಪ್ಪಿ ಕಾರು ಓಡಿಸಿಕೊಂಡು ಧಾವಿಸುತ್ತಿದ್ದಾಳೆ. ತೆರೆಯ ಮೇಲೆ ‘ಬ್ಯಾಂಗ್!’ ಎಂಬ ಅಕ್ಷರಗಳು ಮೂಡುತ್ತವೆ. ಸದ್ದು ಕೇಳಿಸಿದ್ದರೆ ಅದು ಗುಂಡೋ ಡಿಕ್ಕಿಯೋ ಎಂದು ಕಿವಿಗೆ ಆ ಕ್ಷಣವೇ ತಿಳಿಯುತ್ತಿತ್ತು. ಬರಹವಾದ್ದರಿಂದ ಎರಡೂ ಆಗಬಲ್ಲದು. ‘ಗುಂಡು ಹಾರಿತು’ ಎಂದಿದ್ದರೆ ನಾನು ಅವ್ವನಿಗೆ ಸುಳ್ಳು ಹೇಳಿದಂತಾಗುತ್ತಿತ್ತು. “ಢಂ!” ಎಂದೆ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪೆಪ್ಪಿಯ ಕಾರು ಮರಕ್ಕೆ ಗುದ್ದಿ ನಿಂತಿರುವುದು ಕಂಡ ಮೇಲೆಯೇ ಅವಳ ಉಸಿರು ಇಳಿದದ್ದು. ನಮ್ಮ ಅನುಕರಣವಾಚಿಗಳ ಶಕ್ತಿಗೆ ನಾನು ಅಂದು ಮನಸಾರೆ ಕೃತಜ್ಞನಾದೆ.

ಜಾರ್ಜ್ ಏಕೆ ಮಾತನಾಡಲೊಲ್ಲ ಎಂಬುದು ಕಡೆಯಲ್ಲಿ ಅವನು ನುಡಿಯುವ ಎರಡು ಪದಗಳಲ್ಲಿದೆ: ‘ವಿತ್ ಪ್ಲೆಷರ್’, ಅದೂ ಫ್ರೆಂಚ್ ಎಳೆತದಲ್ಲಿ. ಈ ಅಳುಕು ಮುಂಬಯಿಗೂ ಹೊಸದಲ್ಲ. 1931ರ ಮಾರ್ಚ್ 14ರಂದು ಗಿರಗಾಂವದ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ‘ಆಲಂ ಆರಾ’ ತೆರೆಕಂಡು ವಾಕ್ಚಿತ್ರಗಳ ಕಾಲ ಬಂದಾಗ, ಇಲ್ಲಿನ ಮೂಕಿಚಿತ್ರಗಳ ತಾರೆ ಸುಲೋಚನಾ, ಅಂದರೆ ರೂಬಿ ಮೈಯರ್ಸ್, ಹಿಂದೂಸ್ತಾನಿ ಕಲಿತ ಮೇಲೆಯೇ ತೆರೆಗೆ ಮರಳಬೇಕಾಯಿತು.

ಆದರೆ ಇಂಗ್ಲಿಷೇ ಬಾರದ ಅವ್ವನಿಗೆ ಆ ಎಳೆತವನ್ನು ಮುಟ್ಟಿಸುವುದು ಹೇಗೆ? ‘ಸಂತೋಷದಿಂದ’ ಎಂದರೆ ಅರ್ಥ ಬಂತು, ಪರಕೀಯತೆ ಬರಲಿಲ್ಲ. ಅವನ ಇಂಗ್ಲಿಷ್ ಬೇರೆ ನಾಡಿನದೆಂದು ತಿಳಿಸಿದಾಗ ಅವ್ವ ತುಸು ಯೋಚಿಸಿ, “ಹಂಗಾರ ನಮ್ಮ ಮಾತು ಮೈಸೂರಾಗ ಆಡಿದಂಗ ಅನ್ನು. ‘ಖುಷೀಲೆ’ ಅನ್ನು” ಎಂದಳು. ಮರುದಿನ ಆ ದೃಶ್ಯವನ್ನು ಒಬ್ಬನೇ ಮತ್ತೆ ಹಾಕಿ, ನಟನ ತುಟಿಗೆ ಅದನ್ನು ಹೊಂದಿಸಿ ನೋಡಿದೆ. ತುಟಿ ಮುಚ್ಚುವ ಜಾಗ ತಪ್ಪುತ್ತದೆ. ಆದರೂ ನನ್ನ ಟಿಪ್ಪಣಿ ಪುಸ್ತಕದಲ್ಲಿ ಅದನ್ನೇ ಉಳಿಸಿಕೊಂಡಿದ್ದೇನೆ.