ಡಿಕ್ಕಿ ತೆರೆಯುತ್ತಿಲ್ಲವೇ? ಸ್ವಿಚ್ ಬದಲಿಸುವ ಮುಂಚೆ ವಯರ್ ಹಿಡಿದು ನೋಡಿ

ಕಳೆದ ಮಳೆಗಾಲದಲ್ಲಿ ನಮ್ಮ ಕಾರಿನ ಡಿಕ್ಕಿ ಇದ್ದಕ್ಕಿದ್ದಂತೆ ಮುಷ್ಕರ ಹೂಡಿತು. ನಂಬರ್ ಪ್ಲೇಟಿನ ಮೇಲಿರುವ ರಬ್ಬರ್ ಗುಂಡಿ ಒತ್ತಿದರೆ ಸದ್ದೇ ಇಲ್ಲ. ಒಳಗೆ ಅಕ್ಕಿ ಮೂಟೆ, ಹೊರಗೆ ಜಡಿಮಳೆ. ಗ್ಯಾರೇಜಿನಲ್ಲಿ ‘ಸ್ವಿಚ್ ಹೋಗಿದೆ’ ಎಂದರು, ಹೊಸದು ಹಾಕಿದರು, ಸರಿಹೋಯಿತು. ಮೂರನೆಯ ದಿನ ಮತ್ತೆ ಅದೇ ಕತೆ. ಆಮೇಲೆ ನಾನೇ ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರ್ ಹಿಡಿದು ಕೂತಾಗ ಸಿಕ್ಕಿದ್ದು, ಡಿಕ್ಕಿ ಬಾಗಿಲಿನ ಕೀಲಿನ ಹತ್ತಿರ ಒಳಗೊಳಗೇ ತುಂಡಾಗಿದ್ದ ಒಂದು ವಯರ್. ಸ್ವಿಚ್ ಬದಲಿಸುವಾಗ ವಯರಿಂಗನ್ನು ಅತ್ತಿತ್ತ ಎಳೆದಿದ್ದರಿಂದ ತುಂಡಾದ ತುದಿಗಳು ಎರಡು ದಿನ ಒಂದಕ್ಕೊಂದು ತಾಕಿಕೊಂಡಿದ್ದವು. ಹಳೆಯ ಸ್ವಿಚ್ಚಿಗೆ ಏನೂ ಆಗಿರಲಿಲ್ಲ.

ಈ ತೊಂದರೆ ಬಂದಾಗ ಬಹಳಷ್ಟು ಮಂದಿ ಮೊದಲು ದುಡ್ಡು ಸುರಿಯುವುದು ಸ್ವಿಚ್ಚಿಗೆ, ಆಮೇಲೆ ಲಾಕಿಗೆ. ಒಂದು ಸಾಧಾರಣ ಮಲ್ಟಿಮೀಟರ್, ಒಂದು 12 ವೋಲ್ಟಿನ ಪಾರ್ಕಿಂಗ್ ಬಲ್ಬ್, ಸ್ಕ್ರೂಡ್ರೈವರ್ ಇದ್ದರೆ ದೋಷ ಎಲ್ಲಿದೆ ಎಂದು ಮನೆಯಂಗಳದಲ್ಲೇ ಕಂಡುಕೊಳ್ಳಬಹುದು. ಬೆಂಗಳೂರಿನವರಿಗೆ ಮೀಟರ್ ಬೇಕಿದ್ದರೆ ಎಸ್.ಪಿ. ರಸ್ತೆ ಇದೆ, ಕಾರಿನ ಬಿಡಿಭಾಗಕ್ಕೆ ಜೆ.ಸಿ. ರಸ್ತೆ ಇದೆ. ಆದರೆ ಬಿಡಿಭಾಗ ಕೊಳ್ಳುವುದು ಕೊನೆಯ ಕೆಲಸ.

ಗುಂಡಿ ಒತ್ತಿದಾಗ ಆಗುವುದೇನು

ಹಳೆಯ ಕಾರುಗಳಲ್ಲಿ ಲೆಕ್ಕ ಸರಳ. ಫ್ಯೂಸಿನಿಂದ ಬಂದ ಕರೆಂಟ್ ಸ್ವಿಚ್ ಅಥವಾ ರಿಲೇ (ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್) ದಾಟಿ ನೇರವಾಗಿ ಲಾಕಿನ ಮೋಟರಿಗೆ ಹೋಗುತ್ತಿತ್ತು. ಈಗಿನ ಹೆಚ್ಚಿನ ಕಾರುಗಳಲ್ಲಿ ಗುಂಡಿ ಕೆಲಸಗಾರನಲ್ಲ, ಸುದ್ದಿಗಾರ. ಅದು ‘ಯಾರೋ ಒತ್ತಿದ್ದಾರೆ’ ಎಂದು ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಪೆಟ್ಟಿಗೆಗೆ ತಿಳಿಸುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಬಿಸಿಎಂ ಎನ್ನುತ್ತಾರೆ. ಬಾಗಿಲು ಅನ್‌ಲಾಕ್ ಆಗಿದೆಯೇ, ಕೀ ಹತ್ತಿರದಲ್ಲಿದೆಯೇ, ಗಾಡಿ ನಿಂತಿದೆಯೇ ಎಂದು ಬಿಸಿಎಂ ನೋಡುತ್ತದೆ. ಎಲ್ಲ ಸರಿ ಇದ್ದರೆ ಒಂದು ಕ್ಷಣದ ಮಟ್ಟಿಗೆ ಲಾಕಿನ ಮೋಟರಿಗೆ 12 ವೋಲ್ಟ್ ಕೊಡುತ್ತದೆ. ಹಾಗಾಗಿ ಗುಂಡಿಯ ವಯರಿನಲ್ಲಿ ಹರಿಯುವುದು ಬಲು ಸಣ್ಣ ಕರೆಂಟ್, ಮೋಟರಿನ ವಯರಿನಲ್ಲಿ ಹರಿಯುವುದು ಕೆಲವು ಆಂಪಿಯರ್. ಇದು ಮುಂದೆ ಉಪಯೋಗಕ್ಕೆ ಬರುತ್ತದೆ, ನೆನಪಿರಲಿ.

ಮೊದಲು ಕಿವಿ, ಆಮೇಲೆ ಮೀಟರ್

ಎಲ್ಲ ಬಾಗಿಲು ಅನ್‌ಲಾಕ್ ಮಾಡಿ, ಎಂಜಿನ್ ಆರಿಸಿ, ಸದ್ದಿಲ್ಲದ ಜಾಗದಲ್ಲಿ ನಿಂತು ಗುಂಡಿ ಒತ್ತಿ. ‘ಟಕ್’ ಎಂದೋ ‘ಜುಯ್’ ಎಂದೋ ಸದ್ದು ಬಂದೂ ಬಾಗಿಲು ಏಳದಿದ್ದರೆ ವಿದ್ಯುತ್ ಭಾಗ ಬಹುಪಾಲು ಸರಿಯಾಗಿದೆ. ಲಾಕಿನ ಕೊಂಡಿ ಒಣಗಿರಬಹುದು, ರಬ್ಬರ್ ಬೀಡಿಂಗ್ ಅಂಟಿಕೊಂಡಿರಬಹುದು, ಒಳಗಿನ ಸಾಮಾನು ಬಾಗಿಲನ್ನು ಒತ್ತುತ್ತಿರಬಹುದು. ಒಂದು ಕೈಯಿಂದ ಬಾಗಿಲನ್ನು ಕೆಳಕ್ಕೆ ಅದುಮಿಕೊಂಡು ಇನ್ನೊಂದು ಕೈಯಿಂದ ಗುಂಡಿ ಒತ್ತಿ ನೋಡಿ.

ಸದ್ದೇ ಇಲ್ಲದಿದ್ದರೆ ರಿಮೋಟಿನಿಂದ, ಡ್ರೈವರ್ ಸೀಟಿನ ಬಳಿ ಗುಂಡಿ ಇದ್ದರೆ ಅದರಿಂದಲೂ ಪ್ರಯತ್ನಿಸಿ. ಅವುಗಳಿಂದ ತೆರೆದರೆ ಲಾಕ್, ಮೋಟರ್, ಫ್ಯೂಸ್ ಮೂರೂ ಆರೋಗ್ಯವಾಗಿವೆ, ಅನುಮಾನ ಹೊರಗಿನ ಗುಂಡಿ ಮತ್ತು ಅದರ ವಯರಿನ ಮೇಲೆ ಮಾತ್ರ. ಯಾವುದರಿಂದಲೂ ತೆರೆಯದಿದ್ದರೆ ಫ್ಯೂಸ್, ಮೋಟರ್ ಮತ್ತು ಅದರ ವಯರಿನತ್ತ ಹೋಗಬೇಕು. ಒಂದೇ ಒಂದು ನಿಮಿಷದ ಈ ಪರೀಕ್ಷೆ ಅರ್ಧ ಕೆಲಸ ಉಳಿಸುತ್ತದೆ, ಆದರೂ ಗ್ಯಾರೇಜುಗಳಲ್ಲಿ ಇದನ್ನು ಮಾಡುವವರು ಕಡಿಮೆ.

ಇನ್ನೊಂದು ಸಂಗತಿ. ಕೆಲವು ಕಾರುಗಳಲ್ಲಿ ಗ್ಲೋವ್ ಬಾಕ್ಸಿನೊಳಗೆ ಡಿಕ್ಕಿಯ ಸಂಪರ್ಕವನ್ನೇ ಕಡಿದುಹಾಕುವ ಸ್ವಿಚ್ ಇರುತ್ತದೆ. ಹೋಟೆಲಿನಲ್ಲಿ ಕಾರು ನಿಲ್ಲಿಸಿಕೊಡುವ ವ್ಯಾಲೆ ಹುಡುಗರ ಕೈಗೆ ಕೀ ಕೊಡುವಾಗ ಬಳಸಲೆಂದು ಇಟ್ಟದ್ದು ಅದು. ಮಕ್ಕಳು ಆಡುತ್ತ ಅದನ್ನು ಒತ್ತಿಬಿಟ್ಟಿದ್ದರೆ ಯಾವ ಮೀಟರಿಗೂ ದೋಷ ಸಿಗುವುದಿಲ್ಲ. ಕೀಲೆಸ್ ಕಾರಾದರೆ ಕೀಯೊಳಗಿನ 3 ವೋಲ್ಟಿನ ಬಟನ್ ಸೆಲ್ಲನ್ನೂ ಬದಲಿಸಿ ನೋಡಿ.

ಬ್ಯಾಟರಿ, ಫ್ಯೂಸ್

ಚಾರ್ಜ್ ತುಂಬಿದ ಬ್ಯಾಟರಿ ಎಂಜಿನ್ ಆರಿದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಮೊದಲು ಅದನ್ನು ಸರಿಪಡಿಸಿ. ಡಿಕ್ಕಿಯ ಫ್ಯೂಸ್ ಯಾವುದೆಂದು ಕಾರಿನ ಮ್ಯಾನುಯಲ್ ಹೇಳುತ್ತದೆ. ಬಣ್ಣ ನೋಡಿಯೇ ಅಳತೆ ತಿಳಿಯಬಹುದು: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20. ಫ್ಯೂಸ್ ಹಾರಿದ್ದರೆ ಅದೇ ಅಳತೆಯದನ್ನೇ ಹಾಕಿ. ಹಾಕಿದ ಕೂಡಲೇ ಮತ್ತೆ ಹಾರಿದರೆ ಎಲ್ಲೋ ವಯರ್ ಸಿಪ್ಪೆ ಸುಲಿದು ಬಾಡಿಗೆ ತಾಗಿದೆ ಎಂದರ್ಥ. ಆಗ ದೊಡ್ಡ ಫ್ಯೂಸ್ ಹಾಕುವುದೆಂದರೆ ಕಾರಿಗೆ ಬೆಂಕಿ ಆಹ್ವಾನಿಸಿದಂತೆ. ದಯವಿಟ್ಟು ಬೇಡ.

ಮುಚ್ಚಿದ ಡಿಕ್ಕಿಯೊಳಗೆ ಹೋಗುವುದು

ಸೆಡಾನ್ ಆದರೆ ಕೀ ತೂರಿಸುವ ರಂಧ್ರ ಇದೆಯೇ ನೋಡಿ. ಇಲ್ಲದಿದ್ದರೆ ಹಿಂದಿನ ಸೀಟು ಮಡಚಿ ತೆವಳಿಕೊಂಡು ಹೋಗಬೇಕು. ಹ್ಯಾಚ್‌ಬ್ಯಾಕ್‌ಗಳಲ್ಲಿ ಹಿಂಬಾಗಿಲಿನ ಒಳಗಿನ ಪ್ಯಾನಲ್ಲಿನಲ್ಲಿ, ಲಾಕಿನ ನೇರಕ್ಕೆ, ಸಾಮಾನ್ಯವಾಗಿ ಒಂದು ಚಿಕ್ಕ ಮುಚ್ಚಳ ಇರುತ್ತದೆ. ಅದನ್ನು ತೆಗೆದು ಸ್ಕ್ರೂಡ್ರೈವರಿನಿಂದ ಸನ್ನೆಯನ್ನು ಪಕ್ಕಕ್ಕೆ ತಳ್ಳಿದರೆ ಬಾಗಿಲು ತೆರೆಯುತ್ತದೆ. ಅಮೆರಿಕದಲ್ಲಿರುವ ನಮ್ಮವರಿಗೆ ಇದು ಸುಲಭ. ಅಲ್ಲಿ ಮಕ್ಕಳು ಡಿಕ್ಕಿಯೊಳಗೆ ಸಿಕ್ಕಿಬಿದ್ದು ಸತ್ತ ದುರಂತಗಳ ನಂತರ, 2001ರ ಸೆಪ್ಟೆಂಬರಿನಿಂದ ತಯಾರಾದ ಡಿಕ್ಕಿಯುಳ್ಳ ಕಾರುಗಳಿಗೆ ಒಳಗಿನಿಂದಲೇ ತೆರೆಯುವ ವ್ಯವಸ್ಥೆ ಕಡ್ಡಾಯ. ಕತ್ತಲೆಯಲ್ಲಿ ಹೊಳೆಯುವ ಆ ಹಿಡಿಯನ್ನು ಎಳೆದರಾಯಿತು.

ತೆರೆದ ಮೇಲೆ ಪ್ಯಾನಲ್ಲಿನ ಪ್ಲಾಸ್ಟಿಕ್ ಕ್ಲಿಪ್‌ಗಳನ್ನು ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ಬಿಚ್ಚಿ, ತಣ್ಣಗಿದ್ದಾಗ ಬೇಗ ಮುರಿಯುತ್ತವೆ. ಕಾರಿನ ಛಾವಣಿ ಹೊತ್ತ ಹಿಂಬದಿಯ ಕಂಬಗಳ ಹತ್ತಿರ ಹಳದಿ ಬಣ್ಣದ ಕನೆಕ್ಟರ್ ಅಥವಾ ಹಳದಿ ಕವಚದ ವಯರ್ ಕಂಡರೆ ಕೈ ಹಾಕಬೇಡಿ. ಅದು ಏರ್‌ಬ್ಯಾಗಿನದು.

ಗುಂಡಿಯ ವಿಚಾರಣೆ

ಎರಡೇ ವಯರಿನ ಗುಂಡಿಯಾದರೆ ಪರೀಕ್ಷೆ ಸುಲಭ. ಅದರ ಕನೆಕ್ಟರ್ ಕಳಚಿ. ಮೀಟರನ್ನು ಸಂಪರ್ಕ ಇದ್ದರೆ ಬೀಪ್ ಬರುವ ಕಂಟಿನ್ಯೂಟಿಗೆ ತಿರುಗಿಸಿ ಗುಂಡಿಯ ಎರಡೂ ಪಿನ್ನುಗಳಿಗೆ ಹಿಡಿಯಿರಿ. ಒತ್ತಿದಾಗ ಬೀಪ್ ಬರಬೇಕು, ಬಿಟ್ಟಾಗ ನಿಲ್ಲಬೇಕು. ಓಮ್ ಅಳತೆಯಲ್ಲಿ ಒತ್ತಿದರೆ ಸೊನ್ನೆಯ ಹತ್ತಿರ ಇರಬೇಕು. ಒಮ್ಮೆ 20, ಇನ್ನೊಮ್ಮೆ 300 ಎಂದು ಕುಣಿದರೆ ಒಳಗೆ ಕಿಲುಬು ಹಿಡಿದಿದೆ. ರಬ್ಬರ್ ಹೊದಿಕೆ ಬಿಸಿಲಿಗೆ ಅಂಟಂಟಾಗಿ ಬಿರುಕು ಬಿಟ್ಟಿದ್ದರೆ ಪ್ರೆಶರ್ ವಾಷಿನ ನೀರು ಅಲ್ಲಿಂದಲೇ ಇಳಿದಿರುತ್ತದೆ. ನೀರು ಎರಡು ಪಿನ್ನುಗಳ ನಡುವೆ ನಿಂತರೆ ಉಲ್ಟಾ ತೊಂದರೆಯೂ ಆಗಬಹುದು, ಯಾರೂ ಮುಟ್ಟದೆಯೇ ಡಿಕ್ಕಿ ತೆರೆದುಕೊಳ್ಳುತ್ತದೆ.

ಈಗ ಕಾರಿನ ಕಡೆಯ ಕನೆಕ್ಟರಿಗೆ ಬನ್ನಿ. ಬಾಗಿಲು ತೆರೆದಿರುವುದರಿಂದ ಒಂದು ಉಪಾಯ ಬೇಕು: ಸ್ಕ್ರೂಡ್ರೈವರಿನಿಂದ ಲಾಕಿನ ಕೊಂಡಿಯನ್ನು ತಳ್ಳಿ, ‘ಕಟ್’ ಎಂದು ಮುಚ್ಚಿಕೊಳ್ಳುವಂತೆ ಮಾಡಿ. ಹಾಗೆ ಮಾಡದಿದ್ದರೆ ಡಿಕ್ಕಿ ಆಗಲೇ ತೆರೆದಿದೆ ಎಂದುಕೊಂಡು ಬಿಸಿಎಂ ಸುಮ್ಮನಿದ್ದುಬಿಡಬಹುದು. ಬಾಗಿಲು ಅನ್‌ಲಾಕ್ ಮಾಡಿ ಬಿಸಿಎಂ ಎಚ್ಚರವಾಗಿರುವಾಗ ಕನೆಕ್ಟರಿನ ಎರಡು ತೂತುಗಳನ್ನು ಸಣ್ಣ ವಯರಿನ ತುಂಡಿನಿಂದ ಒಂದು ಕ್ಷಣ ಸೇರಿಸಿ. ಲಾಕ್ ‘ಟಕ್’ ಎಂದರೆ ಗುಂಡಿ ಸತ್ತಿದೆ, ಹೊಸದು ಕೊಳ್ಳಿ. ಏನೂ ಆಗದಿದ್ದರೆ ಗುಂಡಿ ನಿರಪರಾಧಿ. ಎರಡಕ್ಕಿಂತ ಹೆಚ್ಚು ವಯರುಗಳಿದ್ದರೆ ಮಾತ್ರ ಹೀಗೆ ಸೇರಿಸಬೇಡಿ, ಆ ಕಾರಿನ ವಯರಿಂಗ್ ನಕ್ಷೆ ಬೇಕಾಗುತ್ತದೆ.

ಕೀಲಿನ ಬಳಿಯ ರಬ್ಬರ್ ಕೊಳವೆ

ಡಿಕ್ಕಿ ಬಾಗಿಲು ಮತ್ತು ಬಾಡಿಯ ನಡುವೆ, ಕೀಲಿನ ಪಕ್ಕದಲ್ಲಿ, ಸುಕ್ಕುಸುಕ್ಕಾದ ಕಪ್ಪು ರಬ್ಬರ್ ಕೊಳವೆ ಇರುತ್ತದೆ. ನಾನು ಎಲ್ಲರಿಗೂ ಹೇಳುವುದು ಇದನ್ನೇ, ಹುಡುಕಾಟಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಬಾಗಿಲು ತೆರೆದಾಗಲೆಲ್ಲ, ಮುಚ್ಚಿದಾಗಲೆಲ್ಲ ಅದರೊಳಗಿನ ವಯರುಗಳು ಒಂದೇ ಜಾಗದಲ್ಲಿ ಮಡಚುತ್ತವೆ. ತಂತಿಯನ್ನು ಮಡಚಿ ಮಡಚಿ ಮುರಿಯುವುದು ನಮಗೆಲ್ಲ ಗೊತ್ತಿರುವ ವಿದ್ಯೆ. ಇಲ್ಲಿ ಅದೇ ಕೆಲಸ ವರ್ಷಗಟ್ಟಲೆ ನಿಧಾನವಾಗಿ ನಡೆಯುತ್ತದೆ.

ಸುಳಿವುಗಳು ಮೊದಲೇ ಸಿಕ್ಕಿರುತ್ತವೆ. ನಂಬರ್ ಪ್ಲೇಟ್ ದೀಪ ಮಿಣುಕುವುದು, ಹಿಂಬದಿ ವೈಪರ್ ನಿಂತಿರುವುದು, ಮೇಲಿನ ಬ್ರೇಕ್ ದೀಪ ಒಮ್ಮೆ ಹತ್ತಿ ಒಮ್ಮೆ ಹತ್ತದಿರುವುದು, ಡಿಕ್ಕಿ ಅರ್ಧ ತೆರೆದಾಗ ಮಾತ್ರ ಎಲ್ಲವೂ ಸರಿಯಾಗಿರುವುದು. ಇವುಗಳಲ್ಲಿ ಯಾವುದಾದರೂ ಒಂದು ಇದ್ದರೂ ನೇರ ಇಲ್ಲಿಗೇ ಬನ್ನಿ.

ಬ್ಯಾಟರಿಯ ನೆಗೆಟಿವ್ ಕಳಚಿ, ಕೊಳವೆಯ ಒಂದು ತುದಿಯನ್ನು ಬಾಡಿಯಿಂದ ಬಿಡಿಸಿ ಹಿಂದಕ್ಕೆ ಸುತ್ತಿ. ವಯರುಗಳನ್ನು ಒಂದೊಂದಾಗಿ ಬೇರ್ಪಡಿಸಿ. ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣಬಹುದು. ಹೊರಗಿನ ಪ್ಲಾಸ್ಟಿಕ್ ಸಿಪ್ಪೆ ಹಾಗೆಯೇ ಇದ್ದು, ಒಳಗಿನ ತಾಮ್ರದ ಎಳೆಗಳು ಮಾತ್ರ ತುಂಡಾಗುವುದುಂಟು. ಹಾಗಾಗಿ ಕಣ್ಣನ್ನು ನಂಬದೆ ಬೆರಳನ್ನು ನಂಬಿ. ಪ್ರತಿ ವಯರನ್ನೂ ಎರಡು ಕಡೆ ಹಿಡಿದು ಮೆಲ್ಲಗೆ ಜಗ್ಗಿ. ಗಟ್ಟಿ ವಯರ್ ಜಗ್ಗುವುದಿಲ್ಲ. ತಾಮ್ರ ಕಡಿದುಹೋದ ವಯರ್ ಆ ಜಾಗದಲ್ಲಿ ರಬ್ಬರಿನಂತೆ ಹಿಗ್ಗುತ್ತದೆ, ಬೆರಳಿಗೆ ಟೊಳ್ಳು ಸಿಕ್ಕಂತಾಗುತ್ತದೆ. ನನ್ನ ಕಾರಿನಲ್ಲಿ ಕಪ್ಪು ವಯರ್ ಹೀಗೆ ಹಿಗ್ಗಿತು. ಬ್ಲೇಡಿನಿಂದ ಸಿಪ್ಪೆ ಸೀಳಿದರೆ ಒಳಗೆ ಹಸಿರು ಪುಡಿ, ತುದಿಯಲ್ಲಿ ಕೂದಲಿನಂಥ ಎರಡೇ ಎಳೆ.

ಕರಾವಳಿಯಲ್ಲಿ ಈ ಹಸಿರು ಕಿಲುಬು ಬೇಗ ಹಬ್ಬುತ್ತದೆ. ಕಡಲ ಗಾಳಿಯ ಉಪ್ಪು ಮತ್ತು ತೇವ ಬಿರುಕಿನೊಳಗೆ ಸೇರಿದರೆ ತಾಮ್ರ ಒಳಗೊಳಗೇ ಸವೆಯುತ್ತ ಹೋಗುತ್ತದೆ. ಶೆಡ್ಡಿನಲ್ಲಿ ನಿಲ್ಲುವ ಕಾರಾದರೆ ಇಲಿ ಕಡಿತವನ್ನೂ ಮರೆಯಬೇಡಿ. ಇಲಿಯ ಹಲ್ಲಿನ ಗುರುತು ಬೇರೆಯದೇ ಆಗಿರುತ್ತದೆ, ಸಿಪ್ಪೆಯ ಪುಡಿ ಕೆಳಗೇ ಉದುರಿರುತ್ತದೆ.

12 ವೋಲ್ಟ್ ಇದ್ದೂ ಇಲ್ಲದಿರುವುದು

ಇಲ್ಲಿ ಅನುಭವಿಗಳೂ ಎಡವುತ್ತಾರೆ. ಎರಡೇ ಎಳೆ ಉಳಿದ ವಯರಿಗೆ ಮೀಟರ್ ಹಿಡಿದರೆ ಪೂರ್ತಿ 12 ವೋಲ್ಟ್ ತೋರಿಸುತ್ತದೆ. ‘ಕರೆಂಟ್ ಬರ್ತಿದೆ, ಹಾಗಾದರೆ ಮೋಟರೇ ಹೋಗಿದೆ’ ಎಂದು ಲಾಕ್ ಬದಲಿಸಿಬಿಡುತ್ತಾರೆ. ಮನೆಯ ಪೈಪಿನಲ್ಲಿ ಕಸ ಕಟ್ಟಿದ್ದರೂ ನಲ್ಲಿ ಮುಚ್ಚಿದ್ದಾಗ ಒತ್ತಡ ಇದ್ದೇ ಇರುತ್ತದೆ. ನಲ್ಲಿ ತಿರುಗಿಸಿದಾಗಲೇ ನೀರು ತೊಟ್ಟಿಕ್ಕುವುದು. ಮೀಟರ್ ಬಹಳ ಕಡಿಮೆ ಕರೆಂಟ್ ಎಳೆಯುವುದರಿಂದ ಅದಕ್ಕೆ ಎರಡು ಎಳೆ ಸಾಕು. ಮೋಟರಿಗೆ ಸಾಲದು.

ಆದ್ದರಿಂದ ಭಾರ ಹೊರಿಸಿಯೇ ಅಳೆಯಬೇಕು. ಬ್ಯಾಟರಿ ಮತ್ತೆ ಜೋಡಿಸಿ. ಲಾಕಿನ ಕನೆಕ್ಟರ್ ಕಳಚದೆ, ಅದರ ಹಿಂಬದಿಯಿಂದ ಮೋಟರಿನ ಎರಡು ವಯರುಗಳ ಬುಡಕ್ಕೆ ತೆಳ್ಳನೆಯ ಗುಂಡುಸೂಜಿ ತೂರಿಸಿ, ಅದಕ್ಕೆ ಪಾರ್ಕಿಂಗ್ ಬಲ್ಬ್ ಜೋಡಿಸಿ. ಸೂಜಿಗಳು ಒಂದಕ್ಕೊಂದು ತಾಗದಿರಲಿ. ಲಾಕಿನ ಕೊಂಡಿ ಮುಚ್ಚಿಟ್ಟು ಇನ್ನೊಬ್ಬರಿಗೆ ರಿಮೋಟ್ ಒತ್ತಲು ಹೇಳಿ. ಬಲ್ಬ್ ಬೆಳ್ಳಗೆ ಮಿಂಚಿಯೂ ಲಾಕ್ ಅಲುಗದಿದ್ದರೆ ಮೋಟರ್ ಹೋಗಿದೆ. ಮಂಕಾಗಿ ಮಿಂಚಿದರೆ ಅಥವಾ ಮಿಂಚದೇ ಇದ್ದರೆ ದೋಷ ವಯರಿನಲ್ಲೋ ಅರ್ಥಿಂಗಿನಲ್ಲೋ ಇದೆ. ಅರ್ಥಿಂಗ್ ಬೋಲ್ಟ್ ಸಾಮಾನ್ಯವಾಗಿ ಹಿಂದಿನ ದೀಪದ ಅಕ್ಕಪಕ್ಕ, ಪ್ಯಾನಲ್ಲಿನ ಹಿಂದೆ ಸಿಗುತ್ತದೆ. ಬಿಚ್ಚಿ, ಉಪ್ಪುಕಾಗದದಿಂದ ತುಕ್ಕು ತೆಗೆದು, ಲೋಹ ಹೊಳೆಯುವಷ್ಟು ಉಜ್ಜಿ, ಬಿಗಿ ಮಾಡಿ ಮತ್ತೆ ಪರೀಕ್ಷಿಸಿ.

ಬೆಸುಗೆ

ತುಂಡಾದ ವಯರನ್ನು ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದರೆ ಮುಂದಿನ ಮಳೆಗಾಲದವರೆಗೂ ಬಾಳುವುದಿಲ್ಲ. ಬ್ಯಾಟರಿಯ ನೆಗೆಟಿವ್ ಮತ್ತೆ ಕಳಚಿಕೊಳ್ಳಿ. ಕಿಲುಬು ಹಿಡಿದ ಭಾಗವನ್ನು ತಾಮ್ರ ಹೊಳೆಯುವ ತನಕ ಕತ್ತರಿಸಿ ತೆಗೆಯಿರಿ. ಅದೇ ದಪ್ಪದ, ಹೆಚ್ಚು ಎಳೆಗಳಿರುವ ಮೆತ್ತನೆಯ ವಯರಿನ ತುಂಡು ಸೇರಿಸಿ. ಬೆಸುಗೆಯ ಜಾಗ ಗಡಸಾಗುವುದರಿಂದ ಮಡಚುವ ಕಡೆ ಬೆಸುಗೆ ಬೀಳಬಾರದು. ಒಂದು ಬೆಸುಗೆ ಬಾಡಿಯೊಳಗೆ, ಇನ್ನೊಂದು ಬಾಗಿಲಿನೊಳಗೆ ಬರುವಷ್ಟು ಉದ್ದ ಬಿಡಿ. ಕೊಳವೆಯೊಳಗೆ ಹೊಸ ವಯರ್ ಮಾತ್ರ ಹಾಯ್ದಿರಲಿ. ಬೆಸೆಯುವ ಮೊದಲೇ ಹೀಟ್ ಶ್ರಿಂಕ್ ತೋಳನ್ನು (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ವಯರಿಗೆ ತೊಡಿಸಿಟ್ಟುಕೊಳ್ಳಿ. ಎರಡು ಮೂರು ವಯರ್ ತುಂಡಾಗಿದ್ದರೆ ಬೆಸುಗೆಗಳು ಒಂದರ ಪಕ್ಕ ಒಂದು ಬಾರದಂತೆ ಹಿಂದುಮುಂದಾಗಿ ಹಾಕಿ. ಒಂದು ವಯರ್ ಹೋಗಿದ್ದರೆ ಪಕ್ಕದವೂ ಅಷ್ಟೇ ವಯಸ್ಸಿನವು, ಎಲ್ಲವನ್ನೂ ಜಗ್ಗಿ ನೋಡಿಯೇ ಕೊಳವೆ ಮುಚ್ಚಿ.

ಪ್ಯಾನಲ್ ಹಾಕುವ ಮುಂಚೆ ಬ್ಯಾಟರಿ ಜೋಡಿಸಿ, ಕೊಂಡಿ ಮುಚ್ಚಿ, ಬಾಗಿಲನ್ನು ಮೇಲೆ, ನಡುವೆ, ಕೆಳಗೆ ಬೇರೆ ಬೇರೆ ಎತ್ತರದಲ್ಲಿ ಹಿಡಿದು ಹತ್ತಾರು ಸಲ ಗುಂಡಿ ಒತ್ತಿ. ತೆರೆದ ಕೊಂಡಿಯನ್ನು ಮತ್ತೆ ಮುಚ್ಚಿಯೇ ಮುಂದಿನ ಸಲ ಒತ್ತಿ. ಪ್ರತಿ ಸಲವೂ ‘ಟಕ್’ ಬರಬೇಕು. ನಂಬರ್ ಪ್ಲೇಟ್ ದೀಪ, ವೈಪರ್, ಬ್ರೇಕ್ ದೀಪವನ್ನೂ ನೋಡಿಕೊಳ್ಳಿ. ಕೊನೆಗೆ ಬಾಗಿಲು ಇಳಿಸುವ ಮೊದಲು ಲಾಕಿನ ಕೊಂಡಿ ತೆರೆದಿದೆಯೇ ಎಂದು ಕಣ್ಣಾರೆ ನೋಡಿ. ಅದು ಮುಚ್ಚಿದ್ದಾಗ ಬಾಗಿಲು ಬಡಿದರೆ ಕೊಂಡಿಯೇ ಬಾಗಿಹೋಗುತ್ತದೆ.