ಗಾಜುಗಪ್ಪೆಯನ್ನು ತತ್ತಿಯಿಂದ ಹುಡುಕಿದ ಬಗೆ

ಕೋಸ್ಟಾರಿಕಾದ ತಿಲರಾನ್ ಬೆಟ್ಟಸಾಲಿನಲ್ಲಿ, ಸುಮಾರು 1,500 ಮೀಟರ್ ಎತ್ತರದಲ್ಲಿರುವ ಮಾಂಟೆವರ್ಡೆಯ ಮಂಜುಕಾಡಿನಲ್ಲಿ, ಒಂದು ಮಳೆಗಾಲ ನಾನು ಕಪ್ಪೆ ಸಮೀಕ್ಷೆಗೆ ಸಹಾಯಕನಾಗಿದ್ದೆ. ನನ್ನ ಪಾಲಿಗೆ ಬಂದದ್ದು ಪಚ್ಚೆ ಗಾಜುಗಪ್ಪೆ, ಅಂದರೆ ಎಸ್ಪಡರಾನಾ ಪ್ರೊಸೊಬ್ಲೆಪಾನ್; ಹೊಟ್ಟೆಯ ಚರ್ಮ ಗಾಜಿನಂತೆ ಪಾರದರ್ಶಕವಾಗಿರುವುದರಿಂದ ಇಂಥ ಕಪ್ಪೆಗಳಿಗೆ ಗಾಜುಗಪ್ಪೆ ಎಂಬ ಹೆಸರು. ಎರಡೂವರೆ, ಮೂರು ಸೆಂಟಿಮೀಟರ್ ಉದ್ದದ ಈ ಹಸಿರು ಜೀವವನ್ನು ಹಸಿರೆಲೆಗಳ ನಡುವೆ ಬರಿಗಣ್ಣಿನಿಂದ ಹುಡುಕಲು ಹೊರಟರೆ ರಾತ್ರಿ ಕಳೆದೀತೇ ಹೊರತು ಕೆಲಸ ಸಾಗದು. ಆದ್ದರಿಂದ ಮೊದಲು ಕೂಗು, ನಂತರ ತತ್ತಿ, ಕೊನೆಗೆ ಕಪ್ಪೆ ಎಂಬ ಕ್ರಮವನ್ನು ಇಟ್ಟುಕೊಂಡೆ.

ಈ ಕ್ರಮ ನನಗೆ ಊರಿನ ಕಡೆಯೇ ರೂಢಿಯಾಗಿತ್ತು. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿರುವ, 2014ರಲ್ಲಿ ಕಪ್ಪೆ ಸಂಶೋಧಕ ಕೆ. ವಿ. ಗುರುರಾಜ ಮತ್ತು ಸಂಗಡಿಗರು ಹೊಸ ಪ್ರಭೇದವೆಂದು ವಿವರಿಸಿದ ಕುಂಬಾರ ಕಪ್ಪೆಯೂ ನೀರಿನ ಮೇಲೆ ಬಾಗಿದ ಕೊಂಬೆಗಳಿಗೆ ತತ್ತಿ ಅಂಟಿಸುತ್ತದೆ. ಗಂಡು ಅದಕ್ಕೆ ಕೆಸರು ಮೆತ್ತುತ್ತದೆ. ಅದನ್ನು ಹುಡುಕಿ ಪಳಗಿದವರ ಕಣ್ಣು ಹೊಳೆಯ ಮೇಲೆ ಬಾಗಿದ ಕೊಂಬೆಗಳತ್ತ ತಾನಾಗಿ ಹೋಗುತ್ತದೆ.

ಪಚ್ಚೆ ಗಾಜುಗಪ್ಪೆಯ ಗಂಡು ಎಲೆಯ ಮೇಲೆ ಕುಳಿತು ಮೂರು ಚುಟುಕು ಸ್ವರಗಳಲ್ಲಿ ‘ಡಿಕ್-ಡಿಕ್-ಡಿಕ್’ ಎನ್ನುತ್ತದೆ. ಹೊಳೆಯ ಮೊರೆತದಲ್ಲಿ ದಿಕ್ಕು ತಿಳಿಯುವುದು ಕಷ್ಟ; ದೀಪ ಆರಿಸಿ, ಎರಡು ಕಡೆ ನಿಂತು ಕೇಳಿ, ಆ ಎರಡು ದಿಕ್ಕುಗಳು ಕೂಡುವ ಪೊದೆಯನ್ನು ಗುರುತಿಸುತ್ತಿದ್ದೆ. ಆ ಪೊದೆಯ ಎಲೆಗಳಿಗೆ ಕೆಳಗಿನಿಂದ ಟಾರ್ಚ್ ಹಿಡಿದರೆ ಎಲೆಯ ಮೇಲ್ಮೈಗೆ ಅಂಟಿದ ತತ್ತಿಗಳು ಕಪ್ಪು ಚುಕ್ಕೆಗಳಾಗಿ ನೆರಳು ಬೀಳಿಸುತ್ತವೆ. ಲೋಳೆಯ ಹೊದಿಕೆ ಉಬ್ಬಿದೆಯೇ, ಒಳಗಿನ ಮರಿಗಳು ಹೊರಳುತ್ತಿವೆಯೇ, ನೊಣದ ಹುಳುಗಳು ಸೇರಿಕೊಂಡಿವೆಯೇ ಎಂಬುದನ್ನು ಎಲೆ ಮುಟ್ಟದೆಯೇ ಬರೆದುಕೊಳ್ಳಬಹುದು. ಗುರುತಿನ ಪಟ್ಟಿಯನ್ನು ಕಟ್ಟಬೇಕಾದದ್ದು ಪಕ್ಕದ ಕಡ್ಡಿಗೆ; ಎಲೆಗೇ ಕಟ್ಟಿದರೆ ಅದು ಬಾಗಿ, ಮರಿಗಳು ನೀರಿಗೆ ಬೀಳಬೇಕಾದ ಜಾಗವೇ ತಪ್ಪುತ್ತದೆ.

ಗಂಡಿನ ತೋಳಿನ ಮೇಲ್ಭಾಗದಲ್ಲಿ ಕೊಕ್ಕೆಯಂಥ ಮುಳ್ಳೊಂದಿದೆ. ಜಾಗಕ್ಕಾಗಿ ಜಗಳವಾದರೆ ಎರಡು ಗಂಡುಗಳು ಹಿಂಗಾಲಿನಲ್ಲಿ ಎಲೆ ಹಿಡಿದು, ತಲೆಕೆಳಗಾಗಿ ಜೋತು ಕುಸ್ತಿ ಮಾಡುತ್ತವೆ. ಅಂಥ ಹೊತ್ತಿನಲ್ಲಿ ದೀಪವನ್ನು ಬೇರೆಡೆಗೆ ತಿರುಗಿಸುವುದೇ ಸರಿ, ಎಷ್ಟೇ ನೋಡಬೇಕೆನಿಸಿದರೂ.

ಹೊಟ್ಟೆಯ ಫೋಟೊಗಾಗಿ ಕಪ್ಪೆಯನ್ನು ಗಾಜಿನ ಮೇಲೆ ಕೂರಿಸುವ ಚಾಳಿ ನನಗೆ ಒಪ್ಪಿಗೆಯಿಲ್ಲ. ಹೃದಯ ಕಾಣುವ ಪ್ರಸಿದ್ಧ ಚಿತ್ರಗಳು ಹ್ಯಾಲಿನೊಬ್ಯಾಟ್ರಾಕಿಯಂ ಕುಲದ ಕೆಲವು ಪ್ರಭೇದಗಳವು. ಪಚ್ಚೆ ಗಾಜುಗಪ್ಪೆಯ ಹೃದಯವನ್ನು ಬಿಳಿಯ ಪೊರೆ ಮುಚ್ಚಿರುತ್ತದೆ, ಕಾಣುವುದು ಹಸಿರು ಮೂಳೆಗಳು. ಅಲ್ಲದೆ, ಹ್ಯಾಲಿನೊಬ್ಯಾಟ್ರಾಕಿಯಂ ಕುಲದ ಫ್ಲೈಶ್‌ಮನ್ ಗಾಜುಗಪ್ಪೆ ನಿದ್ರಿಸುವಾಗ ತನ್ನ ಕೆಂಪು ರಕ್ತಕಣಗಳಲ್ಲಿ ಸುಮಾರು 89 ಶೇಕಡವನ್ನು ಯಕೃತ್ತಿನೊಳಗೆ ತುಂಬಿಕೊಂಡು ಪಾರದರ್ಶಕವಾಗುತ್ತದೆಂದು 2022ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಎಬ್ಬಿಸಿ ಹಿಡಿದ ಕಪ್ಪೆಯಲ್ಲಿ ಆ ಪಾರದರ್ಶಕತೆ ಉಳಿದಿರುವುದಿಲ್ಲ.

ಅಳತೆಗಾಗಿ ಹಿಡಿಯಲೇಬೇಕಾದಾಗ ಪ್ರತಿ ಕಪ್ಪೆಗೂ ಹೊಸ ಕೈಗವಸು ಬಳಸುತ್ತಿದ್ದೆವು. ಇದೇ ಮಾಂಟೆವರ್ಡೆಯಲ್ಲಿ 1987ರಲ್ಲಿ ಕಪ್ಪೆಗಳ ಸಂಖ್ಯೆ ದಿಢೀರನೆ ಕುಸಿದ ನಂತರ ಸುಮಾರು 50 ಕಪ್ಪೆ ಪ್ರಭೇದಗಳಲ್ಲಿ 20 ಕಾಣೆಯಾದವು. 1989ರ ಬಳಿಕ ಚಿನ್ನದ ಕಪ್ಪೆಯನ್ನು ಯಾರೂ ಕಂಡಿಲ್ಲ. ಕಪ್ಪೆಗಳ ಚರ್ಮಕ್ಕೆ ಹತ್ತಿ ಅವನ್ನು ಕೊಲ್ಲಬಲ್ಲ ಕೈಟ್ರಿಡ್ ಶಿಲೀಂಧ್ರವು ಕೆಸರು ಮೆತ್ತಿದ ಬೂಟಿನೊಡನೆಯೂ ಒಂದು ಹೊಳೆಯಿಂದ ಇನ್ನೊಂದಕ್ಕೆ ದಾಟಬಲ್ಲದಾದ್ದರಿಂದ, ಹೊಳೆ ಬದಲಿಸುವ ಮುನ್ನ ಬೂಟುಗಳ ಮಣ್ಣನ್ನು ಬ್ರಷ್‌ನಿಂದ ಉಜ್ಜಿ ತೆಗೆದು, ಬ್ಲೀಚ್ ದ್ರಾವಣದಲ್ಲಿ ಅದ್ದಿ, ಒಣಗಿಸಿದ ಮೇಲೆಯೇ ಮುಂದಿನ ಹೊಳೆಗೆ ಇಳಿಯುತ್ತಿದ್ದೆವು.