ಓದಿಗೂ ಒಂದು ರೋಜುಕೀರ್ದಿ

ಶಿರಸಿ ಸೀಮೆಯ ಒಂದು ಸಹಕಾರ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ವೃತ್ತಿ. ಕಾದಂಬರಿ, ಆತ್ಮಕಥೆಗಳನ್ನು ಓದುವುದು ಚಿಕ್ಕಂದಿನಿಂದ ಬಂದ ಅಭ್ಯಾಸ. ಓದಿದ್ದನ್ನು ಕ್ರಮವಾಗಿ ಬರೆದಿಡಬೇಕೆಂದು ನಿಶ್ಚಯಿಸಿದಾಗ, ಕಚೇರಿಯಲ್ಲಿ ದಿನವೂ ಕೈಯಾಡುತ್ತಿದ್ದ ಎರಡು ಪುಸ್ತಕಗಳೇ ನನಗೆ ದಾರಿ ತೋರಿಸಿದವು: ರೋಜುಕೀರ್ದಿ ಮತ್ತು ಖಾತೆ ಪುಸ್ತಕ. ರೋಜುಕೀರ್ದಿಯಲ್ಲಿ ಆಯಾ ದಿನದ ವ್ಯವಹಾರವನ್ನು ನಡೆದ ಕ್ರಮದಲ್ಲೇ, ಯಾವ ಅಭಿಪ್ರಾಯವನ್ನೂ ಸೇರಿಸದೆ ನಮೂದಿಸುತ್ತೇವೆ. ಆಮೇಲೆ ಅವೇ ನಮೂದುಗಳನ್ನು ಖಾತೆಗೆ ಎತ್ತಿ ಬರೆಯುವಾಗ ಯಾವುದು ಯಾವ ಬಾಬ್ತಿಗೆ ಸೇರಬೇಕೆಂದು ವಿವೇಚಿಸುತ್ತೇವೆ. ನೌಕರಿ, ಮನೆಗೆಲಸ, ಮಕ್ಕಳ ಓದು, ಹಿರಿಯರ ಆರೈಕೆ ಇವುಗಳ ನಡುವೆ ನನ್ನ ಓದಿನ ದಿನಚರಿ ಇಷ್ಟು ವರ್ಷ ಉಳಿದು ಬಂದಿದ್ದರೆ, ಅದಕ್ಕೆ ಈ ಎರಡು ಕೆಲಸಗಳನ್ನು ಒಂದೇ ಹೊತ್ತಿನಲ್ಲಿ ಮಾಡಲು ಹೋಗದೆ ಇದ್ದುದೇ ಮುಖ್ಯ ಕಾರಣವೆಂದು ನನ್ನ ಅನುಭವ ಹೇಳುತ್ತದೆ.

ದಿನದ ನಮೂದು ಬಹಳ ಚಿಕ್ಕದು. ತಾರೀಕು, ಪುಸ್ತಕದ ಹೆಸರು, ಎಲ್ಲಿಂದ ಎಲ್ಲಿಯವರೆಗೆ ಓದಿದೆ, ಮತ್ತು ಒಂದೆರಡು ವಾಕ್ಯ. ಆ ವಾಕ್ಯಗಳಲ್ಲಿ ಕಥೆಯ ಸಾರಾಂಶ ಇರುವುದಿಲ್ಲ, ಏಕೆಂದರೆ ಕಥೆ ಪುಸ್ತಕದಲ್ಲೇ ಇದೆ. ಓದುವಾಗ ನಾನು ಎಲ್ಲಿ ತಡೆದು ನಿಂತೆ, ಯಾವ ಮಾತು ಅರ್ಥವಾಗಲಿಲ್ಲ, ಯಾವ ಪಾತ್ರದ ನಡೆ ನನ್ನೊಳಗೆ ಪ್ರಶ್ನೆ ಎಬ್ಬಿಸಿತು ಎಂಬುದಷ್ಟೇ ಅಲ್ಲಿರುತ್ತದೆ. ಪುಟಸಂಖ್ಯೆಯ ಜೊತೆಗೆ ಅಧ್ಯಾಯದ ಸಂಖ್ಯೆಯನ್ನೂ ಯಾವ ಮುದ್ರಣ ಎಂಬುದನ್ನೂ ಬರೆಯುವುದು ಅಗತ್ಯ. ನಮ್ಮ ಹೆಸರಾಂತ ಕಾದಂಬರಿಗಳು ಹಲವು ಮುದ್ರಣ ಕಂಡಿವೆ. ಅಕ್ಷರದ ಗಾತ್ರ ಬದಲಾದಂತೆ ಪುಟಗಳೂ ಬದಲಾಗುತ್ತವೆ. ಗ್ರಂಥಾಲಯದ ಹಳೆಯ ಪ್ರತಿಯಿಂದ ಗುರುತು ಮಾಡಿಕೊಂಡ ಪುಟ ಅಂಗಡಿಯಿಂದ ತಂದ ಹೊಸ ಪ್ರತಿಯಲ್ಲಿ ಸಿಗುವುದಿಲ್ಲ, ಆದರೆ ಅಧ್ಯಾಯ ಸಿಗುತ್ತದೆ. ನಾನು ಓದುವ ಪುಸ್ತಕಗಳಲ್ಲಿ ಹೆಚ್ಚಿನವು ಗ್ರಂಥಾಲಯದವು. ಅವುಗಳಲ್ಲಿ ಗೀಟು ಎಳೆಯುವುದು ಮುಂದಿನ ಓದುಗರಿಗೆ ಮಾಡುವ ಅಪಚಾರವಾದ್ದರಿಂದ, ಅಂಗೈಯಗಲದ ಚೀಟಿಯೊಂದನ್ನು ಪುಟಗಳ ನಡುವೆ ಇಟ್ಟುಕೊಂಡು ಅದರಲ್ಲೇ ಗುರುತು ಹಾಕಿಕೊಳ್ಳುತ್ತೇನೆ. ರಾತ್ರಿ ಅಡುಗೆಮನೆ ಒರೆಸಿ ಮುಗಿದ ಮೇಲೆ, ಅಥವಾ ಅದು ಆಗದಿದ್ದರೆ ಮರುದಿನ ಕಚೇರಿಯ ಊಟದ ಬಿಡುವಿನಲ್ಲಿ, ಆ ಚೀಟಿಯನ್ನು ನೋಡಿ ನೋಟ್‌ಬುಕ್ಕಿಗೆ ಇಳಿಸುತ್ತೇನೆ. ದಿನದ ನೋಟ್‌ಬುಕ್ ಟಿಫಿನ್ ಡಬ್ಬಿಯ ಪಕ್ಕದಲ್ಲಿ ಕೈಚೀಲದಲ್ಲಿರುತ್ತದೆ. ಖಾತೆ ಪುಸ್ತಕ ಮನೆ ಬಿಟ್ಟು ಹೊರಗೆ ಬರುವುದಿಲ್ಲ.

ಇದು ಹೇಗೆ ಕೆಲಸ ಮಾಡುತ್ತದೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿ ಕೋಡಿಯೆಂಬ ಕಡಲಂಚಿನ ಊರಿನ ಒಂದು ಮನೆತನದ ಮೂರು ತಲೆಮಾರುಗಳನ್ನು ಹಿಡಿದು ಸಾಗುತ್ತದೆ: ರಾಮ ಐತಾಳ, ಅವರ ಮಗ ಲಚ್ಚ, ಲಚ್ಚನ ಮಗ ರಾಮ. ಹೀಗೆ ಗಂಡಸರ ಹೆಸರಿನಿಂದ ತಲೆಮಾರು ಎಣಿಸುವುದು ರೂಢಿ. ಓದುವಾಗ ನಾನೂ ಮೊದಲ ಕೆಲವು ದಿನಗಳ ನಮೂದುಗಳಲ್ಲಿ ಹಾಗೆಯೇ ಎಣಿಸಿಕೊಂಡು ಹೋದೆ. ನಡುವೆ ಒಂದು ರಾತ್ರಿ ಬರೆದ ವಾಕ್ಯ ಇದು: “ಐತಾಳರ ಮನೆಯ ದುಡಿಮೆಯಲ್ಲಿ ಸರಸೋತಿ, ಪಾರೋತಿ ಇವರ ಪಾಲು ಎಷ್ಟು? ಅದು ಯಾರ ಹೆಸರಿಗೆ ಜಮೆ ಆಗಿದೆ?” ಸರಸೋತಿ ಐತಾಳರ ವಿಧವೆ ತಂಗಿ, ಪಾರೋತಿ ಅವರ ಮೊದಲ ಹೆಂಡತಿ. ಪಾರೋತಿಗೆ ಮಕ್ಕಳಾಗಲಿಲ್ಲವೆಂದು ಐತಾಳರು ಸತ್ಯಭಾಮೆಯನ್ನು ತಂದುಕೊಂಡ ಮೇಲೂ ಆ ಇಬ್ಬರ ಗೇಯ್ಮೆ ನಿಲ್ಲುವುದಿಲ್ಲ. ಆ ರಾತ್ರಿ ನಾನು ಬರೆದದ್ದು ಪ್ರಶ್ನೆಯನ್ನು ಮಾತ್ರ. ಉತ್ತರ ಹುಡುಕಲು ಹೊತ್ತಿರಲಿಲ್ಲ, ಮರುದಿನ ಬೆಳಗಿನ ದೋಸೆಗೆ ಹಿಟ್ಟು ರುಬ್ಬಬೇಕಾಗಿತ್ತು.

ತಿಂಗಳಿಗೊಮ್ಮೆ, ರಜೆಯ ದಿನದ ಮಧ್ಯಾಹ್ನ, ದಿನದ ನಮೂದುಗಳನ್ನು ಮೊದಲಿನಿಂದ ಓದಿ ಉಳಿಯಬೇಕಾದವನ್ನು ಖಾತೆಗೆ ಎತ್ತಿ ಬರೆಯುತ್ತೇನೆ. ಖಾತೆಗಳನ್ನು ಪುಸ್ತಕದ ಹೆಸರಿನಿಂದಾಗಲಿ ಲೇಖಕರ ಹೆಸರಿನಿಂದಾಗಲಿ ತೆರೆಯದೆ ವಿಷಯದ ಹೆಸರಿನಿಂದ ತೆರೆಯುವುದು ಇಲ್ಲಿನ ಮುಖ್ಯ ಸಂಗತಿ. ಆ ತಿಂಗಳು ನಾನು ತೆರೆದ ಖಾತೆಯ ತಲೆಬರಹ ‘ಲೆಕ್ಕಕ್ಕೆ ಬಾರದ ದುಡಿಮೆ’. ಕೆಲವು ಕಾಲದ ನಂತರ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಓದುತ್ತಿದ್ದಾಗ ನಂಜಮ್ಮ ಅದೇ ಖಾತೆಗೆ ಬಂದು ಸೇರಿದಳು. ಶಾನುಭೋಗಿಕೆ, ಎಂದರೆ ಊರಿನ ಕಂದಾಯದ ಲೆಕ್ಕ ಇಡುವ ಅಧಿಕಾರ, ಗಂಡ ಚೆನ್ನಿಗರಾಯನದು, ಲೆಕ್ಕ ಬರೆಯುವ ಕೈ ನಂಜಮ್ಮನದು. ದಿನವೂ ಲೆಕ್ಕ ಬರೆಯುವ ನನಗೆ ಆ ಪಾತ್ರ ಹತ್ತಿರವಾದದ್ದು ಸಹಜ. ಆದರೆ ಕರಾವಳಿಯ ಸರಸೋತಿಯೂ ಬಯಲುಸೀಮೆಯ ನಂಜಮ್ಮನೂ ಒಂದೇ ಪುಟದಲ್ಲಿ ಮೇಲೆ ಕೆಳಗೆ ನಿಂತಾಗ ಕಂಡದ್ದು, ಎರಡು ಕಾದಂಬರಿಗಳನ್ನು ಬೇರೆ ಬೇರೆಯಾಗಿ ಓದಿದಾಗ ನನಗೆ ಕಂಡಿರಲಿಲ್ಲ. ಸರಸೋತಿಯ ದುಡಿಮೆಗೆ ಬರಹದ ಆಧಾರವೇ ಇಲ್ಲ. ನಂಜಮ್ಮನದು ಪೂರ್ತಿ ಬರಹದಲ್ಲೇ ಇದ್ದರೂ ಅದರ ಮೇಲೆ ಅವಳ ಅಧಿಕಾರ ಇಲ್ಲ. ಈ ವ್ಯತ್ಯಾಸವನ್ನು ನಾನು ಯಾವ ವಿಮರ್ಶೆಯಲ್ಲಿಯೂ ಓದಿ ತಿಳಿದದ್ದಲ್ಲವಾದ್ದರಿಂದ ಅದು ನನ್ನದೆಂಬ ಸಂತೋಷ ನನಗಿದೆ. ಶಾನುಭೋಗರ ಕೆಲಸ, ವರ್ಷಕ್ಕೊಮ್ಮೆ ನಡೆಯುತ್ತಿದ್ದ ಜಮಾಬಂದಿ ಎಂಬ ಕಂದಾಯ ಲೆಕ್ಕದ ತಪಾಸಣೆ ಇವುಗಳ ಬಗ್ಗೆ ಊರಿನ ಹಿರಿಯರನ್ನು ಕೇಳಿ ತಿಳಿದುಕೊಂಡೆ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಪಡಿಸುವ ಕಾಯ್ದೆ 1961ರಲ್ಲಿ ಬಂತೆಂಬುದೂ ಆ ಖಾತೆಯಲ್ಲೇ ಸೇರಿತು.

ಎಲ್ಲ ನಮೂದುಗಳೂ ಖಾತೆಗೆ ಹೋಗುವುದಿಲ್ಲ. ಓದಿದ ರಾತ್ರಿ ಬಹಳ ದೊಡ್ಡದಾಗಿ ತೋರಿದ ಮಾತು ತಿಂಗಳ ಬಳಿಕ ಸಾಧಾರಣವಾಗಿ ಕಾಣುವುದುಂಟು. ಸುಮ್ಮನೆ ಗುರುತಿಸಿಟ್ಟ ಒಂದು ಸಾಲು ಮನಸ್ಸಿನಲ್ಲಿ ಬೆಳೆದು ನಿಂತಿರುವುದೂ ಉಂಟು. ಈ ಎರಡು ಮನಸ್ಸುಗಳೂ ದಾಖಲಾಗಬೇಕು. ಆದ್ದರಿಂದ ಖಾತೆಗೆ ಎತ್ತದೆ ಬಿಟ್ಟ ನಮೂದನ್ನು ಹೊಡೆದುಹಾಕುವುದಿಲ್ಲ, ಎತ್ತಿದ ನಮೂದಿನ ಪಕ್ಕದಲ್ಲಿ ಖಾತೆಯ ಪುಟಸಂಖ್ಯೆ ಬರೆಯುತ್ತೇನೆ, ಅಷ್ಟೆ. ಪುಸ್ತಕಗಳಿಗೆ ಅಂಕ ಅಥವಾ ನಕ್ಷತ್ರ ಕೊಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಅಂಕ ಕೊಟ್ಟ ಕೂಡಲೇ ಪುಸ್ತಕದ ವಿಚಾರಣೆ ಮುಗಿದಂತಾಗುತ್ತದೆ, ನನಗೆ ಬೇಕಾದದ್ದು ಅದು ಮುಂದುವರಿಯುವುದು.

ನಮ್ಮ ಅತ್ತೆಯವರಿಗೆ ಈಗ ಕಣ್ಣು ಮಂದವಾಗಿದೆ. ಸಂಜೆ ಬತ್ತಿ ಹೊಸೆಯುತ್ತ ಕೂತಾಗ ಅವರಿಗೆ ಓದಿ ಹೇಳುವುದು ನನ್ನ ಓದಿನ ಒಂದು ಭಾಗವೇ ಆಗಿದೆ. ಅವರು ಆಡುವ ಮಾತುಗಳನ್ನು ‘ಅತ್ತೆ’ ಎಂದು ಅಂಚಿನಲ್ಲಿ ಬರೆದು ಬೇರೆಯಾಗಿ ನಮೂದಿಸುತ್ತೇನೆ. ‘ಗೃಹಭಂಗ’ದಲ್ಲಿ ಪ್ಲೇಗು ಬಂದು ಜನ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳುವ ಭಾಗ ಓದಿದ ದಿನ ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸಿ, ತಮ್ಮ ತಾಯಿಯ ತವರಿನಲ್ಲಿ ಅಟ್ಟದಿಂದ ಇಲಿ ಬಿದ್ದು ಸತ್ತರೆ ಆ ಹೊತ್ತಿನ ಅನ್ನವನ್ನೂ ಉಣ್ಣದೆ ಮನೆ ಬಿಡುತ್ತಿದ್ದರೆಂದೂ, ಮರಳಿ ಬರುವಾಗ ಗೋಡೆಗೆ ಸುಣ್ಣ ಬಳಿದು, ನೆಲ ಸಾರಿಸಿ, ಹಾಲು ಉಕ್ಕಿಸಿಯೇ ಒಳಗೆ ಹೋಗುತ್ತಿದ್ದರೆಂದೂ ಹೇಳಿದರು. “ಹಾಲು ಉಕ್ಕಿಸೂದು ಹೊಸ ಮನೆಗೆ ಮಾತ್ರ ಅಲ್ಲ” ಎಂದರು. ಆ ಮಾತನ್ನು ಹಾಗೆಯೇ ಬರೆದಿಟ್ಟಿದ್ದೇನೆ. ಮನೆಯ ಹಿರಿಯರ ನೆನಪನ್ನು ಪ್ರತ್ಯೇಕವಾಗಿ ಕೂರಿಸಿ ಕೇಳಿದರೆ ಅವರಿಗೆ ಏನೂ ನೆನಪಾಗುವುದಿಲ್ಲ, ಪುಸ್ತಕವೊಂದು ನಡುವೆ ಇದ್ದರೆ ತಾನಾಗಿ ಬರುತ್ತದೆ. ಓದಿನ ದಿನಚರಿ ಇಡುವವರು ಇದಕ್ಕೊಂದು ಜಾಗ ಬಿಟ್ಟಿರಬೇಕೆಂದು ನಾನು ಮನಸಾರೆ ಹೇಳುತ್ತೇನೆ.

ಖಾತೆಗಳು ಹೆಚ್ಚಾದಂತೆ ಬೇಕಾದದ್ದನ್ನು ಹುಡುಕುವುದು ಕಷ್ಟವಾಗತೊಡಗಿತು. ಇದಕ್ಕೆ ನನಗೆ ನೆರವಾದದ್ದು ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ರೂಪಿಸಿದ ಸೂಚಿಯ ವಿಧಾನ. ಓದಿದ್ದನ್ನು ಬರೆದಿಡುವ ಪುಸ್ತಕಗಳಿಗಾಗಿ ಅವರು ಮಾಡಿದ ಈ ಏರ್ಪಾಡು 1686ರಲ್ಲಿ ಫ್ರೆಂಚಿನಲ್ಲಿಯೂ, ಅವರು ತೀರಿಕೊಂಡ ಮೇಲೆ 1706ರಲ್ಲಿ ಇಂಗ್ಲಿಷಿನಲ್ಲಿಯೂ ಪ್ರಕಟವಾಯಿತು. ವಿಷಯದ ಮೊದಲ ಅಕ್ಷರ ಮತ್ತು ಅದರ ನಂತರ ಬರುವ ಮೊದಲ ಸ್ವರ, ಇವೆರಡನ್ನು ಹಿಡಿದು ಎರಡು ಪುಟಗಳ ಒಂದು ಕೋಷ್ಟಕದಲ್ಲಿ ಪುಟಸಂಖ್ಯೆ ಬರೆಯುತ್ತ ಹೋಗುವುದು ಅದರ ಕ್ರಮ. ಇಂಗ್ಲಿಷಿನವರು ಸ್ವರವನ್ನು ಪದದೊಳಗೆ ಹುಡುಕಬೇಕು; ನಮ್ಮ ಕಾಗುಣಿತದಲ್ಲಿ ವ್ಯಂಜನವೂ ಸ್ವರವೂ ಮೊದಲ ಅಕ್ಷರದಲ್ಲೇ ಕೂಡಿಕೊಂಡಿರುತ್ತವೆ. ‘ದುಡಿಮೆ’ ಎಂದರೆ ದಕಾರದ ಸಾಲು, ಉಕಾರದ ಮನೆ. ಖಾತೆ ಪುಸ್ತಕದ ಕೊನೆಯ ಎರಡು ಪುಟಗಳಲ್ಲಿ ವ್ಯಂಜನಗಳನ್ನು ಉದ್ದಕ್ಕೆ ಬರೆದು, ಅಡ್ಡಕ್ಕೆ ಅ, ಇ, ಉ, ಎ, ಒ ಎಂಬ ಐದು ಮನೆ ಮಾಡಿದ್ದೇನೆ. ಸ್ವರದಿಂದಲೇ ಆರಂಭವಾಗುವ ಪದಗಳಿಗೆ ಎಲ್ಲಕ್ಕಿಂತ ಮೇಲೆ ಒಂದು ಸಾಲು. ಹ್ರಸ್ವ ದೀರ್ಘಗಳೆರಡೂ ಒಂದೇ ಮನೆಗೆ. ಐಕಾರ ಎಕಾರದ ಜೊತೆಗೆ, ಔಕಾರ ಒಕಾರದ ಜೊತೆಗೆ. ‘ಕೃಷಿ’ಯಂಥ ಪದವನ್ನು ನಾವು ಉಚ್ಚರಿಸುವಂತೆ ಉಕಾರದಲ್ಲಿ ಇಡುತ್ತೇನೆ. ಒತ್ತಕ್ಷರ ಬಂದರೆ ಮೂಲ ವ್ಯಂಜನವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇನೆ. ‘ಸ್ತ್ರೀ’ ಎಂಬುದು ಸಕಾರದ ಇಕಾರದಲ್ಲಿರುತ್ತದೆ. ಙ ಮತ್ತು ಞ ಸಾಲುಗಳ ಅಗತ್ಯ ಬೀಳಲಿಲ್ಲ. ಒಂದು ಖಾತೆ ತುಂಬಿ ಅದರ ಮುಂದುವರಿಕೆ ಬಹಳ ಪುಟಗಳ ಆಚೆಗೆ ಹೋದರೂ ಕೋಷ್ಟಕದಲ್ಲಿ ಇನ್ನೊಂದು ಸಂಖ್ಯೆ ಸೇರಿಸಿದರೆ ಸಾಕು.

ಕೆಲವು ಪುಸ್ತಕಗಳಿಗೆ ಮಾತಿನ ಟಿಪ್ಪಣಿ ಸಾಲದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದುವಾಗ ನಾನು ಎರಡು ಪುಟಗಳ ಮೇಲೆ ಒಂದು ನಕಾಶೆ ಹಾಕಿಕೊಂಡೆ. ಆ ಕಾದಂಬರಿಯಲ್ಲಿ ವ್ಯಕ್ತಿಗಳನ್ನು ಅವರವರ ಮನೆಗಳಿಂದ ಗುರುತಿಸುವುದು ಅನುಕೂಲ. ಆದ್ದರಿಂದ ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ ಎಂದು ಮನೆಗಳನ್ನು ಮೊದಲು ಬರೆದು, ಆಯಾ ಮನೆಯ ಒಡೆಯರು, ಆಳುಗಳು, ಹೆಂಗಸರು, ಮಕ್ಕಳು ಎಲ್ಲರನ್ನೂ ಅದರ ಸುತ್ತ ಬರೆದೆ. ಸಿಂಬಾವಿಯ ಆಳು ಗುತ್ತಿಯ ನಾಯಿ ಹುಲಿಯನಿಗೂ ಅಲ್ಲಿ ಜಾಗವಿದೆ. ಯಾರು ಯಾವ ದಾರಿಯಲ್ಲಿ ಎಲ್ಲಿಗೆ ನಡೆದರು ಎಂಬುದನ್ನು ಪೆನ್ಸಿಲಿನ ಗೆರೆಗಳಿಂದ ಸೂಚಿಸುತ್ತ ಹೋದಂತೆ, ಆ ಕಥೆ ಎಷ್ಟರಮಟ್ಟಿಗೆ ಕಾಲ್ನಡಿಗೆಯ ಕಥೆಯೆಂಬುದು ಕಣ್ಣಿಗೇ ಕಾಣತೊಡಗಿತು. ನನ್ನ ದೊಡ್ಡ ಮಗಳು ಆ ನಕಾಶೆಯನ್ನು ನೋಡಿಯೇ ಕಾದಂಬರಿ ಓದಲು ಕೂತಳು.

ಪದ್ಯವಾದರೆ ನಕಲು ಮಾಡುವುದೇ ಟಿಪ್ಪಣಿ. ಕುಮಾರವ್ಯಾಸನ ಒಂದು ಷಟ್ಪದಿಯನ್ನು ಕೈಯಾರೆ ಬರೆದು, ಅದರ ಕೆಳಗೆ ಅನ್ವಯ ಮಾಡಿ ಗದ್ಯದ ಕ್ರಮದಲ್ಲಿ ಮತ್ತೆ ಬರೆದರೆ, ನಾಲ್ಕು ಬಾರಿ ಓದಿದರೂ ಬಿಡದ ಗಂಟು ಬಿಡುತ್ತದೆ.

ಮಲೆನಾಡಿನಲ್ಲಿ ಕಾಗದವನ್ನು ಕಾಪಾಡುವುದೂ ಒಂದು ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವಕ್ಕೆ ಹಾಳೆ ಮೆತ್ತಗಾಗಿ ಶಾಯಿ ಪೆನ್ನಿನ ಬರಹ ಹರಡಿಕೊಳ್ಳುತ್ತದೆ. ಹಾಗಾಗಿ ಮಳೆಗಾಲಕ್ಕೆ ಬಾಲ್ ಪೆನ್ನೇ ಸರಿ. ಖಾತೆ ಪುಸ್ತಕಗಳನ್ನು ಮಳೆ ಹೊಡೆಯುವ ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡದೆ, ಅಡುಗೆಮನೆಗೆ ಹೊಂದಿಕೊಂಡ ಒಳಗೋಡೆಯ ಕಪಾಟಿನಲ್ಲಿ ನುಸಿಗುಳಿಗೆಯೊಂದಿಗೆ ಇಟ್ಟಿದ್ದೇನೆ. ಬಿಸಿಲು ಬಿದ್ದ ದಿನ ಹಾಳೆಗಳನ್ನು ಬಿಡಿಸಿ ಗಾಳಿಗೆ ಇಡುತ್ತೇನೆ, ನೇರ ಬಿಸಿಲಿಗಲ್ಲ. ಹಿಂದಿನವರು ಲೆಕ್ಕಪತ್ರ ಬರೆಯುತ್ತಿದ್ದ ಕಡತಗಳು ಈ ವಿಷಯದಲ್ಲಿ ಎಷ್ಟು ಗಟ್ಟಿಯಾಗಿದ್ದವೆಂದು ನೆನೆದಾಗ ಗೌರವ ಮೂಡುತ್ತದೆ: ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮೊಬೈಲಿನಲ್ಲಿ ಪುಟದ ಚಿತ್ರ ತೆಗೆದಿಡುವುದು ಸುಲಭ, ಆದರೆ ಚಿತ್ರ ತೆಗೆದ ಪುಟವನ್ನು ನಾನು ಓದಿದೆನೆಂದು ಹೇಳಲಾರೆ. ಆ ಪುಟದಿಂದ ನನ್ನ ಕೈಯಿಂದ ಒಂದು ವಾಕ್ಯವಾದರೂ ಹುಟ್ಟಬೇಕು.

ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಮತ್ತು ಮಾರ್ಚ್ 31ರ ವರ್ಷಾಂತ್ಯದ ಲೆಕ್ಕ ಮುಗಿಯುವವರೆಗೆ ಓದು ಬಹಳ ಇಳಿಯುತ್ತದೆ. ಆಗ ನಮೂದು ತಾರೀಕು ಮತ್ತು ಪುಟಸಂಖ್ಯೆಗೆ ನಿಂತುಬಿಡುತ್ತದೆ. ಕೆಲವು ವಾರ ಅದೂ ಇರುವುದಿಲ್ಲ. ವ್ಯವಹಾರ ನಡೆಯದ ದಿನಕ್ಕೆ ರೋಜುಕೀರ್ದಿಯಲ್ಲಿ ನಮೂದು ಇಲ್ಲದಿರುವುದು ಲೆಕ್ಕದ ದೋಷವಲ್ಲ. ಬಿಟ್ಟುಹೋದ ದಿನಗಳನ್ನು ತುಂಬಿಸಲು ಹೊರಡದೆ, ಮುಂದಿನ ತಾರೀಕು ಬರೆದು ಮುಂದುವರಿಯುತ್ತೇನೆ. ಆ ದಿನಗಳಿಗೆ ನಾನು ಆರಿಸಿಕೊಳ್ಳುವುದು ಸಣ್ಣ ಕಥೆಗಳನ್ನು ಅಥವಾ ಬಿಡಿಬಿಡಿಯಾಗಿ ಓದಬಹುದಾದ ಪ್ರಬಂಧಗಳನ್ನು. ದೊಡ್ಡ ಕಾದಂಬರಿಗಳು ಮಳೆಗಾಲಕ್ಕೆ.

ನೋಟ್‌ಬುಕ್ ತುಂಬಿದಾಗ ಹೊಸದರ ಮೊದಲ ಪುಟದಲ್ಲಿ ‘ಆರಂಭ ಶಿಲ್ಕು’, ಎಂದರೆ ಹಿಂದಿನ ಲೆಕ್ಕದಿಂದ ಮುಂದಕ್ಕೆ ತಂದ ಬಾಕಿ, ಎಂದು ಬರೆದು, ಅರ್ಧಕ್ಕೆ ನಿಂತ ಪುಸ್ತಕಗಳನ್ನೂ ಉತ್ತರ ಸಿಗದ ಪ್ರಶ್ನೆಗಳನ್ನೂ ಅಲ್ಲಿಗೆ ತರುತ್ತೇನೆ. ಕೆಲವು ಪ್ರಶ್ನೆಗಳು ಒಂದು ನೋಟ್‌ಬುಕ್ಕಿನಿಂದ ಇನ್ನೊಂದಕ್ಕೆ ಹಲವು ಬಾರಿ ದಾಟಿ ಬಂದಿವೆ. ಈಗಿನ ಶಿಲ್ಕಿನಲ್ಲಿ ಇರುವವುಗಳಲ್ಲಿ ಒಂದು, ‘ಮರಳಿ ಮಣ್ಣಿಗೆ’ಯ ನಾಗವೇಣಿಗೆ ಸಂಬಂಧಿಸಿದ್ದು: ಲಚ್ಚನನ್ನು ಕೈಹಿಡಿದು ಅಷ್ಟು ಕಂಡ ಮೇಲೆಯೂ ಅವಳು ಮಗನನ್ನು ಬೆಳೆಸುವ ಬಲವನ್ನು ಎಲ್ಲಿಂದ ಪಡೆದಳು, ಅದರಲ್ಲಿ ಅವಳ ಸಂಗೀತದ ಪಾಲೆಷ್ಟು, ಸರಸೋತಿಯ ಪಾಲೆಷ್ಟು? ಈ ಮಳೆಗಾಲದಲ್ಲಿ ಕಾದಂಬರಿಯ ಆ ಭಾಗವನ್ನಷ್ಟೇ ಅತ್ತೆಯವರಿಗೆ ಓದಿ ಹೇಳಬೇಕೆಂದಿದ್ದೇನೆ. ಅವರೇನು ಹೇಳುತ್ತಾರೆಂಬುದನ್ನು ಬರೆಯಲು ಅಂಚು ಬಿಟ್ಟಿದ್ದೇನೆ.